ಹಳೇ ಕ್ಯಾಸೆಟ್ಟಿಗೊಂದು ಗೆರೆ

ನಾನು ಗಣಿತದ ಮೇಷ್ಟ್ರು. ಸೋತೆ ಎಂದು ಒಪ್ಪಿಕೊಳ್ಳುವ ಅಭ್ಯಾಸ ನಮ್ಮ ವೃತ್ತಿಯವರಿಗೆ ಕಡಿಮೆ. ಬೋರ್ಡಿನ ಮೇಲೆ ತಪ್ಪು ಮಾಡಿದರೂ "ನೀವು ಗಮನಿಸ್ತೀರೋ ಇಲ್ಲವೋ ನೋಡೋಣ ಅಂತ ಬೇಕೆಂದೇ ಬರೆದೆ" ಎಂದು ಜಾರಿಕೊಳ್ಳುವ ಜನ ನಾವು. ಆದರೆ ನಮ್ಮ ಹರದನಹಳ್ಳಿಯ ನಾಗೇಂದ್ರನ ವಿಷಯದಲ್ಲಿ ಜಾರಿಕೊಳ್ಳಲು ನನಗೆ ದಾರಿ ಉಳಿದಿಲ್ಲ. ಕೈಯಲ್ಲಿ ಹಿಡಿದು ಆಡುವ ಗೇಮ್ ಮಿಷನ್ನುಗಳನ್ನು ಒಂದರ ಪಕ್ಕ ಒಂದಿಟ್ಟು ಹೋಲಿಸುವಾಗ, ಹಳೆಯ ಮಿಷನ್ನಿನ ಆಟಗಳು ಹೊಸದರಲ್ಲಿ ಓಡುತ್ತವೆಯೇ ಎಂಬುದನ್ನು ಲೆಕ್ಕಕ್ಕೆ ಹಿಡಿಯಬೇಕೋ ಬೇಡವೋ ಎಂದು ಹೋದ ವರ್ಷ ನನಗೂ ಅವನಿಗೂ ವಾದವಾಯಿತು. ವಾದದಲ್ಲಿ ನಾನು ಗೆದ್ದೆ. ಗೆದ್ದದ್ದೇ ತಪ್ಪಾಯಿತು.

ನಾಗೇಂದ್ರನಿಗೆ ಈಗ ನಲವತ್ತೈದು. ಊರಿನ ಡೈರಿಯಲ್ಲಿ ಹಾಲು ಅಳೆಯುತ್ತಾನೆ. ಕುಳ್ಳಗಿನ ಆಳು, ಎಡಭುಜ ಬಲಭುಜಕ್ಕಿಂತ ಒಂದಿಷ್ಟು ಕೆಳಗೆ. ಹರೆಯದಲ್ಲಿ ಕುಂಬಳಕಾಯಿ ಮೂಟೆ ಹೊತ್ತದ್ದರ ಗುರುತು ಅದು. ಬೆಳಗಿನ ಐದೂವರೆಗೆ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಡೈರಿಗೆ ಬರುವ ಮನುಷ್ಯ ನಮ್ಮ ತಾಲ್ಲೂಕಿನಲ್ಲಿ ಇವನೊಬ್ಬನೇ ಇರಬೇಕು. ಮಾತು ಕಡಿಮೆ. ಹತ್ತು ಮಾತಾಡುವ ಕಡೆ ಒಂದಾಡಿ, ಆ ಒಂದನ್ನೂ ಕ್ಯಾನಿನ ಕಡೆ ನೋಡಿಕೊಂಡು ಆಡುತ್ತಾನೆ. ನನ್ನಂಥ ಬಾಯಿಬಡುಕನಿಗೆ ಇಂಥವರನ್ನು ಕಂಡರೆ ಮೈ ಪರಚಿಕೊಳ್ಳುವಂತಾಗುತ್ತದೆ.

ಡೈರಿ ಸೇರುವ ಮೊದಲು ಅವನು ಗುಂಡ್ಲುಪೇಟೆಯಿಂದ ಕೇರಳಕ್ಕೆ ತರಕಾರಿ ಲಾರಿ ಓಡಿಸುತ್ತಿದ್ದ. ಬೀನ್ಸು, ಬೀಟ್‌ರೂಟು, ಕುಂಬಳ ತುಂಬಿಕೊಂಡು ಮದ್ದೂರಿನ ಕಾಡು ದಾಟಿ ಕೋಳಿಕ್ಕೋಡಿಗೆ ಹೋಗಿ ಬರುವುದು. ಅಲ್ಲೊಂದು ಅಂಗಡಿಯಲ್ಲಿ, ಗಲ್ಫಿನಿಂದ ಬಂದವರು ಮಾರಿಹೋದ ಸಾಮಾನುಗಳ ನಡುವೆ ಎರಡು ಬೂದು ಬಣ್ಣದ ಗೇಮ್ ಮಿಷನ್ನುಗಳು ಅವನ ಕಣ್ಣಿಗೆ ಬಿದ್ದವು, ಎರಡನ್ನೂ ಕೊಂಡುಬಿಟ್ಟ. ಅಂಗೈಯಗಲದ ಪರದೆ, ಎಡಕ್ಕೊಂದು ಪ್ಲಸ್ ಗುಂಡಿ, ಬಲಕ್ಕೆರಡು ದುಂಡು ಗುಂಡಿ, ಬೆನ್ನಿನಲ್ಲಿ ಆಟದ ಕ್ಯಾಸೆಟ್ ಸಿಕ್ಕಿಸುವ ಸೀಳು. ಬೆಂಕಿಪೊಟ್ಟಣದಷ್ಟು ಇರುವ ಆ ಪ್ಲಾಸ್ಟಿಕ್ ತುಂಡಿಗೆ ನಮ್ಮ ಕಡೆ ಎಲ್ಲರೂ ಕ್ಯಾಸೆಟ್ ಎಂದೇ ಅನ್ನುವುದು. ಕಾಡಿನ ರಸ್ತೆಯನ್ನು ಇರುಳು ಮುಚ್ಚುವುದು ಶುರುವಾದ ಮೇಲೆ, ಬೆಳಗ್ಗೆ ಆರಕ್ಕೆ ಗೇಟು ತೆಗೆಯುವವರೆಗೆ ಲಾರಿಗಳು ಸಾಲುಗಟ್ಟಿ ನಿಲ್ಲಬೇಕಾಗುತ್ತಿತ್ತಲ್ಲ, ಆಗ ಇವನು ಸ್ಟಿಯರಿಂಗಿಗೆ ಒರಗಿ ಆಡುತ್ತಿದ್ದ. ಪಕ್ಕದ ಲಾರಿಯ ಮಲಯಾಳಿ ಡ್ರೈವರನ ಹತ್ತಿರವೂ ಅಂಥದೇ ಮಿಷನ್ನು ಇತ್ತಂತೆ. ಈ ವಾರ ನಿನ್ನ ಕ್ಯಾಸೆಟ್ ನನಗೆ, ನನ್ನದು ನಿನಗೆ, ಬರುವ ವಾರ ಇದೇ ಗೇಟಿನಲ್ಲಿ ವಾಪಸ್ಸು. ಹೀಗೆ ಶುರುವಾಯಿತು.

ಇದು ನಾಗೇಂದ್ರ ಕಂಡುಹಿಡಿದದ್ದೇನಲ್ಲ. ನಮ್ಮ ಕಡೆ ಹೊಲ ಇರುವವರು ಹಿಂದಿನಿಂದ ನಡೆಸಿಕೊಂಡು ಬಂದ ಮುಯ್ಯಾಳಿನ ಪದ್ಧತಿಯೇ ಅದು. ಇವತ್ತು ನಿನ್ನ ಹೊಲಕ್ಕೆ ನಾನು ಒಂದಾಳು ಬಂದು ದುಡಿದರೆ, ನಾಳೆ ನನ್ನ ಹೊಲಕ್ಕೆ ನೀನು ಒಂದಾಳು ಬರಬೇಕು. ನಡುವೆ ದುಡ್ಡು ಬರುವುದಿಲ್ಲ. ತೀರಿಸಲಾಗದವನು ಕರೆಯುವುದೂ ಇಲ್ಲ. ಲಾರಿ ಬಿಟ್ಟು ಊರಿಗೆ ಬಂದ ಮೇಲೆ ನಾಗೇಂದ್ರ ಈ ಕ್ಯಾಸೆಟ್ ಮುಯ್ಯಿಯನ್ನು ಡೈರಿಯ ಜಗಲಿಗೆ ತಂದ. ಭಾನುವಾರ ಬೆಳಗಿನ ಹಾಲು ಮುಗಿದ ಮೇಲೆ ಐದು ಮನೆಯವರು ಸೇರುವುದು, ಕ್ಯಾಸೆಟ್ಟಿಗೆ ಕ್ಯಾಸೆಟ್ ಕೊಟ್ಟು ತೆಗೆದುಕೊಳ್ಳುವುದು, ಎರಡು ಮಿಷನ್ನುಗಳು ಪಾಳಿಯ ಮೇಲೆ ಮನೆಮನೆ ತಿರುಗುವುದು. ಮಿಷನ್ನು ತನ್ನದೆಂದು ಅವನು ಯಾವತ್ತೂ ಅಂದವನಲ್ಲ. "ಮಿಷನ್ನು ಬಾವಿಕಟ್ಟೆ ಇದ್ದಂಗ ಮೇಷ್ಟ್ರೇ, ಎಲ್ರುದೂವೆ. ಬಿಂದ್ಗ ಮಾತ್ರ ಅವ್ರವ್ರೇ ತರ್ಬೇಕು" ಅನ್ನುತ್ತಿದ್ದ.

ಐದು ಮನೆ ಅಂದೆನಲ್ಲ, ಅದರಲ್ಲಿ ನನ್ನದೊಂದು. ನಾನು ಚಾಮರಾಜನಗರದ ಹೈಸ್ಕೂಲಿನಲ್ಲಿ ಪಾಠ ಮಾಡಿ, ಊರಿನಲ್ಲಿ ಒಂದೆಕರೆ ಅರಿಶಿನ ಹಾಕಿಕೊಂಡಿರುವವನು. ನಾಗೇಂದ್ರನದು ಎರಡನೆಯದು. ಗುಂಡ್ಲುಪೇಟೆಯಲ್ಲಿ ಮೆಕ್ಯಾನಿಕ್ಕಾಗಿರುವ ಸುಧಾಕರ್ ಮೂರನೆಯವನು. ಚಂದಕವಾಡಿಯ ಟೈಲರ್ ಬೆಟ್ಟಯ್ಯ ನಾಲ್ಕನೆಯವನು. ಮೊಪೆಡ್ಡಿನಲ್ಲಿ ಬರುತ್ತಾನೆ, ಬಾಯಲ್ಲಿ ಗುಟ್ಟು ನಿಲ್ಲುವುದಿಲ್ಲ. ಐದನೆಯವಳು ಮರಿತಾಯಮ್ಮ.

ಮರಿತಾಯಮ್ಮನಿಗೆ ಅರವತ್ತು ದಾಟಿದೆ. ಹೊಲವಿಲ್ಲ. ಹುಟ್ಟಿದಾಗಿನಿಂದ ಕಂಡವರ ಹೊಲದಲ್ಲಿ ಕೂಲಿ. ನನ್ನ ಹೊಲದಲ್ಲೂ ಎಷ್ಟೋ ಸಲ ಬಂದಿದ್ದಾಳೆ. ಅಕ್ಷರ ಬಾರದು. ಹಿಂದೆ ತೆರಕಣಾಂಬಿಯ ಮಂಡಿಯಲ್ಲಿ ಬೀನ್ಸು ಆರಿಸುವಾಗ ನಾಗೇಂದ್ರ ಆಡುವುದನ್ನು ನೋಡಿ, "ಅದೇನ್ಲಾ ಅದು, ಕೊಡಿಲ್ಲಿ" ಎಂದು ಕಿತ್ತುಕೊಂಡು ಆಡಿದಳಂತೆ. ಆಡಿದವಳು ಕಾಲುಂಗುರಕ್ಕೆಂದು ಕೂಡಿಟ್ಟ ಹಣವನ್ನು ಅವನ ಕೈಗಿಟ್ಟು, "ಕೋಳಿಕ್ಕೋಡಿಂದ ನಂಗೂ ಒಂದ್ ಕ್ಯಾಸೆಟ್ ತಕ್ಕ ಬಾ" ಅಂದಳು. ಅವನು ತಂದದ್ದು ದೋಣಿಯ ಆಟ. ಒಂದು ಹೊಳೆ, ಒಂದು ಸಣ್ಣ ದೋಣಿ, ಆಚೆ ದಡಕ್ಕೆ ಸಾಗಿಸಬೇಕಾದ ಕುರಿ, ಕೋಳಿ, ಎತ್ತು. ಓದಲು ಒಂದಕ್ಷರವೂ ಇಲ್ಲ. ಹದಿನೆಂಟು ವರ್ಷದಿಂದ ಅವಳ ಬಳಿ ಇರುವುದು ಅದೊಂದೇ ಕ್ಯಾಸೆಟ್. ಅದನ್ನು ಕೊಟ್ಟು ನಮ್ಮೆಲ್ಲರ ಕ್ಯಾಸೆಟ್ಟುಗಳನ್ನೂ ಆಡಿದ್ದಾಳೆ. ನಮ್ಮಲ್ಲಿ ಯಾರು ಅವಳ ಕ್ಯಾಸೆಟ್ ಒಯ್ದರೂ ಸೋಮವಾರ ಎದುರು ಸಿಕ್ಕಾಗ "ಎತ್ತು ದಾಟುಸ್ದಾ?" ಎಂದು ಕೇಳದೆ ಬಿಡುತ್ತಿರಲಿಲ್ಲ.

ಆ ಎರಡು ಮಿಷನ್ನುಗಳನ್ನು ನಾಗೇಂದ್ರ ಬದುಕಿಸಿಟ್ಟುಕೊಂಡು ಬಂದದ್ದೇ ಒಂದು ಕಥೆ. ಗುಂಡಿಯ ಕೆಳಗಿನ ರಬ್ಬರು ಸವೆದರೆ ಸೈಕಲ್ ಟ್ಯೂಬು ಕತ್ತರಿಸಿ ಹಾಕುತ್ತಿದ್ದ. ಬ್ಯಾಟರಿಯ ಸ್ಪ್ರಿಂಗು ಹೋದರೆ ಪೆನ್ನಿನ ಸ್ಪ್ರಿಂಗು. ಕ್ಯಾಸೆಟ್ಟಿನ ಹಲ್ಲುಗಳನ್ನು ಬಾಯಿಂದ ಊದಲು ಯಾರನ್ನೂ ಬಿಡುತ್ತಿರಲಿಲ್ಲ, ಎಂಜಲ ತೇವಕ್ಕೆ ತುಕ್ಕು ಹಿಡಿಯುತ್ತದೆ ಎಂದು ಗದರಿಸಿ, ತೊಳೆದು ಒಣಗಿಸಿದ ಹಳೇ ಪಂಚೆಯ ತುಂಡಿನಿಂದ ಒರೆಸುತ್ತಿದ್ದ. ಎರಡು ವರ್ಷದ ಹಿಂದೆ ಒಂದು ಮಿಷನ್ನು ನಿಂತಿತು. ಹೋದ ವರ್ಷ ಬೇಸಿಗೆಯಲ್ಲಿ ಎರಡನೆಯದರ ಪರದೆ ಕಪ್ಪಾಯಿತು. ಅವನು ಮೂರು ಭಾನುವಾರ ಅದನ್ನು ಬಿಚ್ಚಿಕೊಂಡು ಕೂತ. ನಾಲ್ಕನೆಯ ಭಾನುವಾರ ಮುಚ್ಚಿ, "ಆಗದಿಲ್ಲ" ಅಂದ.

ಹೊಸದನ್ನು ಕೊಳ್ಳೋಣ ಎಂದಾಯಿತು. ಯಾವುದನ್ನು ಎಂದು ನೋಡಿ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಬಂತು ಅನ್ನುವುದಕ್ಕಿಂತ ನಾನೇ ಎಳೆದುಕೊಂಡೆ. ಬೇಸಿಗೆ ರಜೆ, ಕೈಯಲ್ಲಿ ಕೆಲಸವಿಲ್ಲ, ಇಂಥದ್ದು ಸಿಕ್ಕರೆ ಬಿಡುವವನಲ್ಲ ನಾನು. ಮೈಸೂರಿಗೆ ಹೋಗಿ ಅಂಗಡಿ ಸುತ್ತಿದೆ, ವಿಡಿಯೊ ನೋಡಿದೆ, ಕಡೆಗೆ ಎರಡನ್ನು ಆರಿಸಿದೆ. ಒಂದು ತೆಳ್ಳಗಿನದು: ದೊಡ್ಡ ಪರದೆ, ಹಗುರ ಮೈ, ಒಂದು ಸಲ ಚಾರ್ಜು ಮಾಡಿದರೆ ಎಂಟು ಗಂಟೆ. ಇನ್ನೊಂದು ದಪ್ಪನೆಯದು: ಪರದೆ ಚಿಕ್ಕದು, ತೂಕ ಜಾಸ್ತಿ, ನಾಲ್ಕು ಗಂಟೆಗೆ ಸುಸ್ತು. ಹೊಸ ಕ್ಯಾಸೆಟ್ಟುಗಳು ಎರಡರಲ್ಲೂ ಓಡುತ್ತವೆ. ದಪ್ಪನೆಯದರ ಬೆನ್ನಿನಲ್ಲಿ ಮಾತ್ರ ನಮ್ಮ ಹಳೆಯ ಕ್ಯಾಸೆಟ್ಟಿಗೂ ಒಂದು ಸೀಳು.

ಭಾನುವಾರ ಡೈರಿಯ ಗೋಡೆಗೆ ಡ್ರಾಯಿಂಗ್ ಹಾಳೆ ಅಂಟಿಸಿದೆ. ಮೇಲಿನಿಂದ ಕೆಳಕ್ಕೆ ಗೆರೆ ಎಳೆದು ಪರದೆ, ಬ್ಯಾಟರಿ, ತೂಕ, ಬೆಲೆ, ಗಟ್ಟಿತನ ಎಂದು ಐದು ಅಂಕಣ ಮಾಡಿ, ಒಂದೊಂದಕ್ಕೂ ಹತ್ತಕ್ಕೆ ಇಷ್ಟು ಎಂದು ಅಂಕ ಕೊಟ್ಟಿದ್ದೆ. ತೆಳ್ಳಗಿನದಕ್ಕೆ ನಲವತ್ತೊಂದು, ದಪ್ಪನೆಯದಕ್ಕೆ ಇಪ್ಪತ್ತೊಂಬತ್ತು. ಹಾಳೆ ನೋಡಿ ನನಗೇ ಹೆಮ್ಮೆಯಾಯಿತು.

ನಾಗೇಂದ್ರ ಕ್ಯಾನು ತೊಳೆಯುತ್ತಿದ್ದವನು ಕೈ ಒರೆಸಿಕೊಂಡು ಬಂದು ನೋಡಿದ. "ಇನ್ನೊಂದ್ ಗೆರ ಎಳೀರಿ ಮೇಷ್ಟ್ರೇ."

"ಯಾತಕ್ಕೆ?"

"ಅಳೇ ಕ್ಯಾಸೆಟ್ ಓಡ್ತದಾ ಅಂತ."

ನಾನು ನಕ್ಕೆ. ಸುಮ್ಮನೆ ನಗಲಿಲ್ಲ, ತರಗತಿಯಲ್ಲಿ ದಡ್ಡ ಪ್ರಶ್ನೆಗೆ ನಗುವ ಹಾಗೆ ನಕ್ಕೆ. "ನೋಡು ನಾಗೇಂದ್ರ, ಎರಡು ಮಿಷನ್ನು ಹೋಲಿಸೋದು ಅಂದ್ರೆ ಮುಂದೆ ಯಾವುದು ಚೆನ್ನಾಗಿ ಆಡಿಸುತ್ತೆ ಅಂತ. ಹಿಂದೆ ಆಡಿದ್ದನ್ನ ಹಿಂದೇನೇ ಆಡಿ ಮುಗಿಸಿದ್ದೀವಿ. ಆ ಸೀಳು ಇರೋದಕ್ಕೇ ಅದು ದಪ್ಪ, ಅದಕ್ಕೇ ಬ್ಯಾಟರಿಗೆ ಜಾಗ ಇಲ್ಲ. ಹಳೇ ಆಟಕ್ಕೋಸ್ಕರ ಹೊಸ ಮಿಷನ್ ಕೆಡಿಸ್ಕೊಳ್ಳೋದಾ? ಹೊಸ ಎತ್ತು ತರೋವಾಗ ಹಳೇ ಎತ್ತಿನ ಲಾಳ ಇದಕ್ಕೆ ಆಗುತ್ತಾ ಅಂತ ಯಾರಾದ್ರೂ ನೋಡ್ತಾರಾ?"

ಸುಧಾಕರನೂ ಬೆಟ್ಟಯ್ಯನೂ ನಕ್ಕರು. ಈಗಲೂ ಹೇಳುತ್ತೇನೆ, ನಾನು ಹೇಳಿದ್ದರಲ್ಲಿ ತಪ್ಪು ಲೆಕ್ಕವಿರಲಿಲ್ಲ. ಒಬ್ಬನೇ ಕೂತು ಆಡುವವನಿಗೆ ಆ ಮಾತು ಇವತ್ತಿಗೂ ಸರಿ.

ನಾಗೇಂದ್ರ ಹಾಳೆಯ ಕಡೆಯೇ ನೋಡುತ್ತ, "ಮಿಷನ್ನು ಒಸದು ಬತ್ತದ. ಆಡೋ ಜನ ಅವ್ರೇ ಅಲ್ವಾ?" ಅಂದ. ಜಗಲಿಯ ತುದಿಯಲ್ಲಿ ಕೂತಿದ್ದ ಮರಿತಾಯಮ್ಮನನ್ನು ಕೇಳಿದೆವು. "ನಂಗೇನ್ ಗೊತ್ತು, ನೀವ್ ನೋಡ್ಕಂಡ್ ಮಾಡಿ" ಅಂದಳು. ನಾಗೇಂದ್ರ ಅವಳ ಕಡೆ ಒಂದು ಸಲ ನೋಡಿ ಕ್ಯಾನು ತೊಳೆಯಲು ಹೋದ. ತೆಳ್ಳಗಿನದು ಬಂತು.

ಬಂದ ವಾರ ಹಬ್ಬದ ಹಾಗಿತ್ತು. ನಾನು, ಸುಧಾಕರ್, ಬೆಟ್ಟಯ್ಯ ಒಂದೊಂದು ಹೊಸ ಕ್ಯಾಸೆಟ್ ತಂದೆವು. ನಾಗೇಂದ್ರ ತರಲಿಲ್ಲ, "ಆಮ್ಯಾಕ ನೋಡನ" ಅಂದ. ಮರಿತಾಯಮ್ಮ ತರುವ ಮಾತೇ ಇರಲಿಲ್ಲ. ಅವಳ ದೋಣಿಯ ಆಟ ಈಗ ಹಳೇ ಸೀಳಿಲ್ಲದ ಮಿಷನ್ನಿನ ಮುಂದೆ ಬರೀ ಒಂದು ಪ್ಲಾಸ್ಟಿಕ್ ತುಂಡು. ನನಗೆ ಅವಳ ಮೇಲೆ ಕನಿಕರವೂ ಬಂತು, ಧಾರಾಳವೂ ಉಕ್ಕಿತು. "ನೀನೇನೂ ಕೊಡಬೇಡ ಮರಿತಾಯಮ್ಮ, ನಿನ್ನ ಪಾಳಿ ಬಂದಾಗ ನನ್ನ ಕ್ಯಾಸೆಟ್ಟೇ ತಗೊಂಡು ಹೋಗಿ ಸುಮ್ಮನೆ ಆಡು. ನಿನ್ನ ಹತ್ರ ಮುಯ್ಯಿ ಯಾರು ಕೇಳ್ತಾರೆ?" ಎಂದು ಎಲ್ಲರೆದುರು ಹೇಳಿದೆ. ಒಳ್ಳೆಯ ಮಾತಾಡಿದೆ ಎಂದೇ ತಿಳಿದಿದ್ದೆ. ಅವಳು ಸೆರಗಿನ ತುದಿ ಸರಿಮಾಡಿಕೊಂಡಳು.

ಅವಳ ಪಾಳಿ ಬಂದಾಗ ಅವಳು ಬರಲಿಲ್ಲ. ಎರಡನೆಯ ಸಲವೂ ಬರಲಿಲ್ಲ. ಮೂರನೆಯ ಸಲ ನಾಗೇಂದ್ರ ತಾನೇ ಅವಳ ಮನೆಗೆ ಹೋಗಿ ಏನೋ ಹೇಳಿ ಬಂದ; ಅವಳು ಬಂದು ಮಿಷನ್ನನ್ನೂ ನನ್ನ ಕ್ಯಾಸೆಟ್ಟನ್ನೂ ಒಯ್ದಳು. ನನಗೆ ಸಮಾಧಾನವಾಯಿತು.

ಅದೇ ವಾರ ನಾಗೇಂದ್ರ ನನ್ನ ಅರಿಶಿನದ ಹೊಲಕ್ಕೆ ಬಂದ. ಡೈರಿಗೆ ಒಂದು ದಿನ ರಜೆ ಹಾಕಿ, ಬೆಳಗಿನಿಂದ ಸಂಜೆಯವರೆಗೆ ಬಗ್ಗಿ ಕಳೆ ಕಿತ್ತ. "ಏನಪ್ಪ ಇದು?" ಅಂದರೆ, "ಕೈ ಜಡ್ಡು ಬಿದ್ದೋಗದ ಮೇಷ್ಟ್ರೇ, ಬರೀ ಆಲು ಅಳ್ದು ಅಳ್ದು" ಅಂದ. ನಾನು ನಂಬಿದೆ. ಬುದ್ಧಿವಂತ ಎಂದು ತನ್ನನ್ನು ತಾನು ತಿಳಿದವನಿಗೆ ಇಂಥದು ಬೇಗ ನಂಬಿಕೆಯಾಗುತ್ತದೆ. ಅಂಗಿ ಮಾತ್ರ ಆವತ್ತೂ ಇಸ್ತ್ರಿಯದೇ.

ಹದಿನೈದು ದಿನ ಕಳೆದಿರಬೇಕು. ಒಂದು ಸೋಮವಾರ ಶಾಲೆಗೆ ಹೊರಡುವ ಮೊದಲು ಹೊಲ ನೋಡಿ ಬರೋಣ ಎಂದು ಬೆಳಗ್ಗೆ ಆರಕ್ಕೆ ಹೋದೆ. ಇಬ್ಬನಿ ಆರಿರಲಿಲ್ಲ. ಅರಿಶಿನದ ಎಲೆಗಳ ನಡುವೆ ಒಂದು ತಲೆ ಕಂಡಿತು. ಮರಿತಾಯಮ್ಮ. ನಾನು ಕರೆದಿರಲಿಲ್ಲ, ಕೂಲಿಯ ಮಾತಾಡಿರಲಿಲ್ಲ. ಅವಳು ಆಗಲೇ ಎರಡು ಸಾಲು ಮುಗಿಸಿ ಮೂರನೆಯದರಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದಳು. ಒದ್ದೆ ಸೀರೆ ಮಂಡಿಯವರೆಗೆ ಮಣ್ಣಾಗಿತ್ತು.

"ಏನಮ್ಮ, ನಿನ್ನನ್ನ ಯಾರು ಕರೆದರು?"

"ಯಾರೂ ಕರೀನಿಲ್ಲ. ನಾನೇ ಬಂದಿ." ತಲೆ ಎತ್ತಲಿಲ್ಲ. "ನಿಮ್ಮ ಕ್ಯಾಸೆಟ್ ಒಂದ್ ವಾರ ಆಡ್ದಿನಲ್ಲ, ಅದ್ಕ ಒಂದಾಳು."

ನನಗೆ ನಗಬೇಕೋ ಬಯ್ಯಬೇಕೋ ತಿಳಿಯಲಿಲ್ಲ. ಅರವತ್ತು ದಾಟಿದ ಹೆಂಗಸು ಒಂದು ಗೇಮಿಗಾಗಿ ಕಳೆ ಕೀಳುವುದೇ? "ಏಳು, ಏಳು. ನಿನಗೆ ಸುಮ್ಮನೆ ಆಡು ಅಂತ ಅವತ್ತೇ ಹೇಳಿದ್ನಲ್ಲ" ಅಂದೆ.

"ಅದ್ಕೇ ಬರ್ನಿಲ್ಲ ನಾನು" ಅಂದಳು. ಈಗ ತಲೆ ಎತ್ತಿದಳು. "ನಾಗೇಂದ್ರ ಬಂದು, 'ಬಾ, ಎಲ್ಲಾ ಸರಿಯಾಗದ, ನಿಂದು ಮುಯ್ಯಿ ತೀರದ' ಅಂದ. ಅದೆಂಗ ತೀರ್ತು ಅಂತ ಕೇಳ್ನಿಲ್ಲ ನಾನು, ಪೆದ್ದಿ. ನೆನ್ನ ಬೆಟ್ಟಯ್ಯ ಬಾಯ್ಬುಟ್ಟ. ನಿಮ್ಮೊಲ್ದಲ್ಲಿ ಒಂದಾಳು, ಬೆಟ್ಟಯ್ಯನ ಮನ ಸೂರು ಕಟ್ಟಕ ಒಂದಾಳು, ಸುಧಾಕರಪ್ಪನ ಶೆಡ್ಡಲ್ಲಿ ಒಂದಾಳು. ಮುಂದ್ಕ ನಾನು ಎಲ್ರ ಕ್ಯಾಸೆಟ್ಟೂ ಆಡ್ಲಿ ಅಂತ ಅಷ್ಟೂ ನನ್ನೆಸ್ರ್ಗ ಅವ್ನು ದುಡ್ದವ್ನ. ಯಾರ ಮುಯ್ಯ ಯಾರು ತೀರ್ಸದು? ಇನ್ನೂ ಕೈಕಾಲ್ ಬಿದ್ದಿಲ್ಲ ನಂಗ."

ಕೈ ಜಡ್ಡು ಬಿದ್ದಿದೆ ಎಂದು ನಗುತ್ತ ಹೇಳಿದವನು ನೆನಪಾದ. ನನಗೆ ನಾಚಿಕೆಯಾಯಿತು. ಆದರೂ ಮೇಷ್ಟ್ರು ಬುದ್ಧಿ ಬಿಡಬೇಕಲ್ಲ. "ಸರಿ, ಬಂದದ್ದು ಬಂದಿದ್ದೀಯ. ಸಂಜೆ ಕೂಲಿ ತಗೊಂಡು ಹೋಗು" ಅಂದೆ.

ಮರಿತಾಯಮ್ಮ ಕೈಯಲ್ಲಿದ್ದ ಕಳೆಯನ್ನು ಬದುವಿನ ಮೇಲೆ ಎಸೆದಳು. ಕೋಪ ಬಂದಿತ್ತು. ಆಮೇಲೆ ಅವಳು ಆಡಿದ ಮಾತನ್ನು ನಾನು ಸಾಯುವ ತನಕ ಮರೆಯುವುದಿಲ್ಲ.

"ಕೂಲಿ ನಂಗ ಒಸದಾ ಮೇಷ್ಟ್ರೇ? ಐವತ್ ವರ್ಸದಿಂದ ಅದ್ನೇ ಇಸ್ಕತಿವ್ನಿ. ನಾನ್ ದುಡ್ದಿ, ನೀವ್ ಕಾಸ್ ಕೊಟ್ರಿ, ಅಲ್ಗ ಮುಗ್ದೋಯ್ತು. ಮುಯ್ಯಾಳು ಅನ್ನದು ಒಲ ಇದ್ದೋರ್ಗ. ಒಲ ಇಲ್ದೋಳ್ಗ ಯಾರ್ ಮುಯ್ಯಾಳು ಬತ್ತಾರು? ಬಂದು ಏನ್ ಮಾಡಾರು? ನಮ್ಮಟ್ಟಿ ಬಾಗ್ಲಲ್ಲಿ ನಿಂತ್ಕಂಡು 'ಮರಿತಾಯಮ್ಮ, ನಿಂಗ ಕೊಡದು ಬಾಕಿ ಅದ' ಅಂತ ಒಬ್ರು ಅಂದಿಲ್ಲ, ನಮ್ಮವ್ವಂಗೂ ಅಂದಿಲ್ಲ. ಆ ದೋಣಿ ಕ್ಯಾಸೆಟ್ ಒಂದ್ರಿಂದ ನೋಡಿ, ನಿಮ್ಮಂಥೋರೂ ಬಂದು ಕೇಳ್ತಿದ್ರಿ, ತಕ್ಕ ಓಯ್ತಿದ್ರಿ, ತಂದ್ಕೊಡ್ತಿದ್ರಿ. ಅದ್ನ ನೀವು ನಡಿಯಲ್ಲ ಅಂದ್ರಿ. ಸುಮ್ನ ಆಡು ಅಂದ್ರಿ."

ಇಷ್ಟು ಹೇಳಿ ಅವಳು ಮತ್ತೆ ಸಾಲಿಗೆ ಬಗ್ಗಿದಳು. ನಾನು ಬದುವಿನ ಮೇಲೆ ನಿಂತೇ ಇದ್ದೆ. ಐದು ಅಂಕಣ, ಹತ್ತು ಹತ್ತು ಅಂಕ, ಒಟ್ಟು ನಲವತ್ತೊಂದು. ಹಳೆಯ ಕ್ಯಾಸೆಟ್ ಓಡುವುದಿಲ್ಲ ಎಂದರೆ ಒಂದು ಹಳೇ ಆಟ ಹೋಯಿತು ಎಂದಷ್ಟೇ ನನ್ನ ಲೆಕ್ಕ. ಹೋದದ್ದು ಈ ಹೆಂಗಸು ನಮ್ಮ ಸಮಕ್ಕೆ ಕೂರುತ್ತಿದ್ದ ಒಂದೇ ಒಂದು ಜಾಗ. ಆವತ್ತು ಶಾಲೆಗೆ ತಡವಾಗಿ ಹೋದೆ, ಒಂಬತ್ತನೆಯ ತರಗತಿಗೆ ಸುಲಭದ ಲೆಕ್ಕವನ್ನೇ ತಪ್ಪು ಬಿಡಿಸಿದೆ, ಬೇಕೆಂದೇ ಬರೆದೆ ಎಂದು ಹೇಳುವ ಮನಸ್ಸಾಗಲಿಲ್ಲ.

ಸಂಜೆ ಡೈರಿಗೆ ಹೋಗಿ ನಾಗೇಂದ್ರನ ಮೇಲೆ ಹಾರಾಡಿದೆ. ತಪ್ಪು ನನ್ನದಾದಾಗ ಇನ್ನೊಬ್ಬರ ಮೇಲೆ ಹಾರಾಡುವುದು ನನ್ನ ಹಳೆಯ ಚಾಳಿ. "ಇಷ್ಟೆಲ್ಲ ಇದ್ದರೂ ಅವತ್ತು ಬಾಯಿ ಬಿಡಲಿಲ್ಲವಲ್ಲ ನೀನು!"

"ಏಳುದ್ನಲ್ಲ ಮೇಷ್ಟ್ರೇ. ಇನ್ನೊಂದ್ ಗೆರ ಎಳೀರಿ ಅಂತ."

"ಗೆರೆ ಎಳೀರಿ ಅಂದರೆ ಏನು ತಿಳಿಯುತ್ತೆ? ಮರಿತಾಯಮ್ಮನಿಗೆ ಹೊಸ ಕ್ಯಾಸೆಟ್ ತರೋಕಾಗಲ್ಲ, ಅವಳು ಹೊರಗೆ ಬೀಳ್ತಾಳೆ ಅಂತ ಬಿಡಿಸಿ ಹೇಳೋದಲ್ವಾ?"

ಅವನು ಅಳತೆಯ ಗಾಜನ್ನು ತೊಳೆದು ಬೋರಲು ಹಾಕಿದ. "ಅವ್ಳು ಅಲ್ಲೇ ಕೂತಿದ್ಲು. ಅವ್ಳೆದ್ರುಗೇ ಅವ್ಳ ಬಡ್ತನ ಏಳ್ಳಾ?"

ವಾದದಲ್ಲಿ ಗೆಲ್ಲಲು ಒಂದು ಮಾತು ಅವನ ಕೈಯಲ್ಲಿತ್ತು. ಆಡಿದ್ದರೆ ನನ್ನ ಹಾಳೆ ಆಗಲೇ ಹರಿದುಹೋಗುತ್ತಿತ್ತು. ಆಡದೆ ಸೋತು, ಆಮೇಲೆ ಸದ್ದಿಲ್ಲದೆ ಮೂರು ಕಡೆ ಬಗ್ಗಿ ದುಡಿದ. ದುಡಿದದ್ದೂ ತಪ್ಪೇ ಆಯಿತು, ಮರಿತಾಯಮ್ಮ ಅವನನ್ನೂ ಒಂದು ವಾರ ಮಾತಾಡಿಸಲಿಲ್ಲ. ಅದನ್ನೂ ಅವನು ಒಪ್ಪಿಕೊಂಡ. "ಅವ್ಳೇಳದು ಸರಿ, ನಾನ್ ಕೇಳ್ಬೇಕಾಗಿತ್ತು" ಅಂದ. ಒಳ್ಳೆಯವರನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ತಾನು ಮಾಡಿದ ಒಳ್ಳೆಯದರಲ್ಲೂ ತಪ್ಪು ಕಾಣಬಲ್ಲವರನ್ನು ಕಂಡದ್ದು ಕಡಿಮೆ.

ಅದೇ ವಾರ ತೆಳ್ಳಗಿನ ಮಿಷನ್ನನ್ನು ನಮ್ಮ ಶಾಲೆಯ ವಿಜ್ಞಾನದ ಮೇಷ್ಟ್ರ ತಲೆಗೆ ಕಟ್ಟಿ, ಮೈಸೂರಿನಿಂದ ದಪ್ಪನೆಯದನ್ನು ತಂದೆ. ಭಾನುವಾರ ಹೊಸ ಡ್ರಾಯಿಂಗ್ ಹಾಳೆ ಅಂಟಿಸಿದೆ. ಮೊದಲನೆಯ ಅಂಕಣ: ಹಳೇ ಕ್ಯಾಸೆಟ್ ಓಡುತ್ತದೆಯೇ? ಅದರ ಮುಂದೆ ಅಂಕ ಬರೆಯಲಿಲ್ಲ. ಹೌದು, ಇಲ್ಲ ಎಂದಷ್ಟೇ ಬರೆದು, 'ಇಲ್ಲ' ಬಂದದ್ದನ್ನು ಅಡ್ಡಗೆರೆ ಎಳೆದು ಹೊಡೆದು ಹಾಕಿದೆ. ಸುಧಾಕರ್ ಗೊಣಗಿದ. "ಬ್ಯಾಟ್ರಿ ನಾಕೇ ಗಂಟೆ ಸಾರ್" ಅಂದ. ನಿಜ, ನಾಲ್ಕೇ ಗಂಟೆ. ಕೆಲವು ಸಲ ಮೂರೂವರೆ. ಅದು ದಪ್ಪ, ಅದು ಭಾರ, ಮಲಗಿ ಆಡಿದರೆ ಎದೆಯ ಮೇಲೆ ಇಟ್ಟಿಗೆ ಇಟ್ಟಂತೆ. ಇವೆಲ್ಲ ಕುಂದು ಎಂದು ನಾನು ಈಗಲೂ ಹೇಳುತ್ತೇನೆ. ಹೋಲಿಸುವಾಗ ಇವನ್ನು ಕೇಳಬೇಕಾದದ್ದು ಎರಡನೆಯದಾಗಿ ಎಂಬುದಷ್ಟೇ ನಾನು ನಾಗೇಂದ್ರನಿಂದ ಕಲಿತದ್ದು.

ಮರಿತಾಯಮ್ಮ ಬಂದಳು. ಕರೆಯಲು ಯಾರೂ ಹೋಗಿರಲಿಲ್ಲ, ನಾಗೇಂದ್ರ ಹೋಗಬೇಡಿ ಎಂದಿದ್ದ. ಕ್ಯಾಸೆಟ್ಟನ್ನು ತಾನೇ ಬೆನ್ನಿನ ಸೀಳಿಗೆ ಒತ್ತಿದಳು. ಟಕ್ ಅಂದಿತು. ಪರದೆಯ ನಡುವೆ, ಸುತ್ತ ಕಪ್ಪು ಅಂಚು ಬಿಟ್ಟುಕೊಂಡು, ಸಣ್ಣದಾಗಿ ಹೊಳೆ ಬಂತು, ದೋಣಿ ಬಂತು. ಬೆಟ್ಟಯ್ಯ "ಓ" ಎಂದು ಕೂಗಿದ. ಅವಳಿಗೆ ಅಂಥ ಸಂಭ್ರಮವೇನೂ ಆದಂತೆ ಕಾಣಲಿಲ್ಲ. "ಬಣ್ಣ ಒಸಿ ಜಾಸ್ತಿ ಆಯ್ತು" ಎಂದು ಗೊಣಗಿ, ಕೋಳಿಯನ್ನು ಮೊದಲು ದಾಟಿಸಿದಳು.

ಆಮೇಲೆ ಎಲ್ಲ ಮೊದಲಿನಂತೆ ನಡೆಯಿತು. ದೀಪಾವಳಿಯ ಹೊತ್ತಿಗೆ ನನ್ನ ಪಾಳಿ ಬಂತು. ನನ್ನ ಕ್ಯಾಸೆಟ್ ಜೇಬಿನಲ್ಲಿಟ್ಟುಕೊಂಡು ಮರಿತಾಯಮ್ಮನ ಮನೆಗೆ ಹೋದೆ, ದೋಣಿಯದನ್ನು ಕೊಡು ಎಂದು ಕೇಳಲು. ಅವಳು ಬಾಗಿಲಲ್ಲಿ ಕಡಲೆಕಾಯಿ ಬಿಡಿಸುತ್ತ ಕೂತಿದ್ದಳು. ಏಳಲಿಲ್ಲ.

"ಕೊಡ್ತಿನಿ. ಅದ್ಕೂ ಮೊದ್ಲು ಒಂದ್ ಲೆಕ್ಕ ಅದ ಮೇಷ್ಟ್ರೇ. ನಾನ್ ನಿಮ್ಮ ಕ್ಯಾಸೆಟ್ ಸುಮ್ನ ಆಡುದ್ದು ಎಷ್ಟ್ ವಾರ?"

"ಒಂದು ವಾರ."

"ಅದ್ಕ ನಾಗೇಂದ್ರ ನನ್ನೆಸ್ರ್ಗ ಒಂದಾಳು ದುಡ್ದ. ನಾನೂ ಬಂದು ಒಂದಾಳು ದುಡ್ದಿ. ಎಷ್ಟಾಯ್ತು?"

"ಎರಡು" ಅಂದೆ. ಇಪ್ಪತ್ತಾರು ವರ್ಷ ಗಣಿತ ಕಲಿಸಿದವನಿಗೆ ಈ ಲೆಕ್ಕ ಹೊಳೆದೇ ಇರಲಿಲ್ಲ.

"ನಾಗೇಂದ್ರಂಗ ಕೊಡದ್ನ ನಾನ್ ನ್ವಾಡ್ಕತಿನಿ, ಅದು ನಂಗೂ ಅವ್ನ್ಗೂ. ನಿಮ್ಮತ್ರ ನಂಗ ಒಂದಾಳು ಬಾಕಿ ಅದ." ಕೈಯಲ್ಲಿದ್ದ ಸಿಪ್ಪೆಯನ್ನು ಮೊರದಾಚೆ ಹಾಕಿ, ಮನೆಯ ಹಿಂದಕ್ಕೆ ಗದ್ದ ತೋರಿಸಿದಳು. "ಬಾನ್ವಾರ ಬನ್ನಿ. ಇಂದ್ಲ ಗ್ವಾಡ ಸುಣ್ಣ ಕಾಣ್ದೆ ಮೂರ್ ವರ್ಸ ಆಯ್ತು."

ಭಾನುವಾರ ಎಂಟು ಗಂಟೆಗೆ ಹಳೇ ಪ್ಯಾಂಟು ಹಾಕಿಕೊಂಡು ಹೋದೆ. ಅವಳು ಸುಣ್ಣ ನೆನೆಸಿಟ್ಟಿದ್ದಳು. ನಾನು ಏಣಿ ಹತ್ತಿದೆ, ಅವಳು ಕೆಳಗೆ ಸೊಂಟಕ್ಕೆ ಕೈಯಿಟ್ಟು ನಿಂತಳು. ಬೀದಿಯ ಹೆಂಗಸರು ಒಬ್ಬೊಬ್ಬರಾಗಿ ಬಂದು ನೋಡಿದರು. "ಮೇಷ್ಟ್ರು ಯಾಕಮ್ಮಿ ಬಂದವ್ರ?" ಎಂದು ಯಾರೋ ಕೇಳಿದಾಗ ಮರಿತಾಯಮ್ಮ ಇಡೀ ಬೀದಿಗೆ ಕೇಳುವಂತೆ, "ನಂಗ ಮುಯ್ಯಾಳು ಬಂದವ್ರ" ಅಂದಳು.

ಹತ್ತರ ಹೊತ್ತಿಗೆ ಭುಜ ಬಿದ್ದುಹೋಗುವಂತಾಯಿತು. ಡೈರಿ ಮುಗಿಸಿಕೊಂಡು ನಾಗೇಂದ್ರ ಸೈಕಲ್ಲಿನಲ್ಲಿ ಬಂದ. ಕಾಲು ಊರಿ ನಿಂತು ಗೋಡೆ ನೋಡಿದ, ನನ್ನನ್ನು ನೋಡಿದ. ನಾನು ಇನ್ನೊಂದು ಬ್ರಷ್ಷನ್ನು ಅವನ ಕಡೆ ಚಾಚಿ, "ಬಾರಪ್ಪ, ಒಂದು ಕೈ ಹಾಕು" ಅಂದೆ.

"ಇದು ನಿಮ್ಮಾಳು ಮೇಷ್ಟ್ರೇ, ನಾ ಬರಂಗಿಲ್ಲ" ಎಂದವನೇ ಸೈಕಲ್ ತುಳಿದು ಹೊರಟುಹೋದ.

ಮರಿತಾಯಮ್ಮ ಕೆಳಗಿನಿಂದ ಕೂಗಿದಳು. "ಆ ಮೂಲ ಬುಟ್ಬುಟ್ರಿ, ನೋಡಿ. ಇನ್ನೊಂದ್ ಕಿತ ಸುಣ್ಣ ಒಡೀರಿ."